ಬಾಯಿ ಬಿಡದೆ ಹೊರಬಿದ್ದ ವಿಳಾಸ

ಒಂದೂರಲ್ಲಿ ಒಬ್ಬ ಜಾಣೆ ಇದ್ದಳು. ರಾಜನ ಮಗಳಲ್ಲ, ಸಾಹುಕಾರನ ಸೊಸೆಯಲ್ಲ, ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವಳು. ಹೆಸರು ಕೇಳಬೇಡಿ. ಹೇಳಿದರೆ ನೀವು ಕಥೆ ಬಿಟ್ಟು ಅವಳು ಯಾರ ಪೈಕಿ ಎಂದು ಹುಡುಕಲು ಹೊರಡುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತು.

ಅವಳ ಕೆಲಸ ಎಲ್ಲಿ? ಗಂಡನ ಹೊಡೆತ ತಾಳದೆ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳಿಗೆ ಆಸರೆ ಕೊಡುವ ಒಂದು ಸಂಸ್ಥೆಯಲ್ಲಿ. ಯಾವ ಹೆಣ್ಣುಮಗಳು ಯಾವ ಊರಿನ ಯಾವ ಓಣಿಯಲ್ಲಿದ್ದಾಳೆ ಎಂಬುದೆಲ್ಲ ಅಲ್ಲಿನ ಕಂಪ್ಯೂಟರಿನಲ್ಲಿತ್ತು. ಆ ಪಟ್ಟಿ ತೆರೆಯಲು ಒಂದು ಪಾಸ್‌ವರ್ಡ್. ಅದು ಗೊತ್ತಿದ್ದದ್ದು ಇವಳೊಬ್ಬಳಿಗೆ. ನೋಡಿ, ಎಂಥ ನಂಬಿಕೆ. ನಲವತ್ತು ಜೀವಗಳು ಒಂದು ಶಬ್ದವನ್ನು ನಂಬಿಕೊಂಡು ಮಲಗುತ್ತಿದ್ದವು.

ಪಟ್ಟಿ ತೆರೆಯಲು ಇವಳೇ ಒಂದು ಪ್ರೋಗ್ರಾಂ ಬರೆದಿದ್ದಳು. ಕಪ್ಪು ಪರದೆಯ ಮೇಲೆ ಒಂದು ಸಾಲು ಕಮಾಂಡ್, ಅಂದರೆ ಯಂತ್ರಕ್ಕೆ ಕೊಡುವ ಅಪ್ಪಣೆ, ಟೈಪ್ ಮಾಡಬೇಕು, ಆ ಸಾಲಿನ ಕೊನೆಗೇ ಪಾಸ್‌ವರ್ಡನ್ನೂ ಸೇರಿಸಬೇಕು. ಒಂದೇ ಏಟಿಗೆ ಕೆಲಸ ಮುಗಿಯುತ್ತಿತ್ತು. ಅಲ್ಲಿಗೆ ಆಗಾಗ ಬರುತ್ತಿದ್ದ, ಇದೇ ಕಸುಬಿನ ಅನುಭವಸ್ಥೆಯೊಬ್ಬಳು ಇದನ್ನು ಕಂಡು, ಗುಟ್ಟನ್ನು ಕಮಾಂಡಿನಲ್ಲಿ ಬರೆಯಬೇಡ, ನೀನೊಬ್ಬಳೇ ತೆರೆಯಬಲ್ಲ ಫೈಲಿನಲ್ಲಿ ಇಡು, ಪ್ರೋಗ್ರಾಂ ಅಲ್ಲಿಂದ ತಾನೇ ಓದಿಕೊಳ್ಳಲಿ ಎಂದಳು. ಇವಳು ನಕ್ಕಳು. ಕೆಲಸ ಮುಗಿದ ತಕ್ಷಣ ಪರದೆ ಒರೆಸಿಬಿಡುತ್ತೇನೆ, ಒಂದಕ್ಷರವೂ ಉಳಿಯುವುದಿಲ್ಲ ಎಂದಳು. ನಿಜ, ದಿನಾ ಒರೆಸುತ್ತಿದ್ದಳು. ಸೋಮಾರಿಯಲ್ಲ ಪಾಪ.

ಆದರೆ ಆ ಯಂತ್ರ ಏನು ಮಾಡುತ್ತಿತ್ತು? ಟೈಪ್ ಮಾಡಿದ ಪ್ರತಿ ಸಾಲನ್ನೂ ಒಳಗೆ ಬರೆದಿಟ್ಟುಕೊಳ್ಳುತ್ತಿತ್ತು. ಪರದೆ ಒರೆಸಿದರೆ ಅದು ಹೋಗುವುದಿಲ್ಲ. ಮೇಲ್ಮುಖ ಬಾಣದ ಗುರುತಿರುವ ಕೀಲಿ ಒತ್ತಿದರೆ ಸಾಕು, ನಿನ್ನೆಯ ಸಾಲು ಬರುತ್ತದೆ. ಮತ್ತೆ ಒತ್ತಿದರೆ ಮೊನ್ನೆಯದು.

ಮಧ್ಯಾಹ್ನ ಅದೇ ಕಂಪ್ಯೂಟರಿನ ಮುಂದೆ, ಅದೇ ಲಾಗಿನ್‌ನಲ್ಲಿ, ಕಚೇರಿಯ ಗುಮಾಸ್ತ ಕೂರುತ್ತಿದ್ದ. ಕೆಟ್ಟವನಲ್ಲ. ಯಾರಾದರೂ ಅತ್ತರೆ ಕರಗಿಹೋಗುವವನು. ಒಂದು ದಿನ ಪರಿಚಯದವನೊಬ್ಬ ಬಂದ. ಹೆಂಡತಿ ಮಗಳನ್ನು ಕರೆದುಕೊಂಡು ಹೋಗಿ ಎರಡು ವರ್ಷವಾಯಿತು, ಎಲ್ಲಿದ್ದಾಳೆ ಅಷ್ಟು ಹೇಳು, ಕಾಲು ಹಿಡಿದು ಕರೆತರುತ್ತೇನೆ ಎಂದು ಅತ್ತ. ಗುಮಾಸ್ತ ಬಾಣದ ಕೀಲಿ ಒತ್ತಿದ. ಪಾಸ್‌ವರ್ಡ್ ಸಮೇತ ಸಾಲು ಎದುರಿಗೆ ಬಂತು. ಪಟ್ಟಿ ತೆರೆಯಿತು. ವಿಳಾಸ ಹೇಳಿಬಿಟ್ಟ.

ಮರುದಿನ ಬೆಳಿಗ್ಗೆ ಆ ಗಂಡ ಹೋದ. ಕಾಲು ಹಿಡಿದನೇ? ಇಲ್ಲ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿಯ ಬಲಗೈ ಮುರಿದ. ಓಣಿಯವರು ಹಿಡಿದುಕೊಂಡರು, ಇಲ್ಲದಿದ್ದರೆ ಜೀವವೇ ಹೋಗುತ್ತಿತ್ತು.

ಸುದ್ದಿ ತಿಳಿದ ಜಾಣೆ ಆಸ್ಪತ್ರೆಗೆ ಓಡಿದಳು. ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಆಕೆ ಬಯ್ಯಲಿಲ್ಲ. ಮೆಲ್ಲಗೆ ಕೇಳಿದಳು.

“ಅಕ್ಕಾರ, ನಾ ಇರೋ ಮನಿ ಎಲ್ಲೈತಿ ಅಂತ ನಮ್ಮವ್ವಗೂ ಹೇಳಿದ್ದಿಲ್ಲ. ನಿಮಗಷ್ಟ ಹೇಳಿದ್ದೆ. ನೀವು ಯಾರಿಗೆ ಹೇಳಿದ್ರಿ?”

“ಯಾರ ಮುಂದೂ ಬಾಯಿ ಬಿಟ್ಟಿಲ್ಲ ತಂಗಿ, ನನ್ನಾಣೆ,” ಎಂದಳು ಇವಳು.

ಸುಳ್ಳು ಹೇಳಲಿಲ್ಲ, ನೋಡಿ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕಚೇರಿಗೆ ಬಂದಾಗ ಗುಮಾಸ್ತ ತಪ್ಪೊಪ್ಪಿಕೊಂಡು ಆ ಕೀಲಿ ಒತ್ತಿ ತೋರಿಸಿದ. ಆಣೆ ಹಾಕಿ ಬಂದಿದ್ದಳಲ್ಲ, ನಾಚಿಕೆಯಿಂದ ಅತ್ತಳು. ಅತ್ತು ಕೂರಲಿಲ್ಲ. ಪಾಸ್‌ವರ್ಡ್ ಬದಲಾಯಿಸಿದಳು, ಉಳಿದಿದ್ದ ಹಳೆಯ ಸಾಲುಗಳನ್ನು ಅಳಿಸಿದಳು, ತನಗೇ ಬೇರೆ ಲಾಗಿನ್ ಮಾಡಿಕೊಂಡಳು. ಹೊಸ ಗುಟ್ಟು ಅವಳೊಬ್ಬಳಿಗೇ ತೆರೆಯುವ ಫೈಲಿಗೆ ಹೋಯಿತು. ಕಮಾಂಡಿನಲ್ಲಿ ಈಗ ಆ ಫೈಲು ಎಲ್ಲಿದೆ ಎಂಬುದಷ್ಟೇ ಇತ್ತು. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ.

ಈಗ ನಿಮ್ಮ ಕಡೆ ಬರುತ್ತೇನೆ. ನಮಗೇಕೆ ಕಂಪ್ಯೂಟರಿನ ಕಥೆ ಎಂದು ಹಿಂದೆ ಕೂತವರು ಆಕಳಿಸುತ್ತಿದ್ದೀರಿ. ಎಟಿಎಂ ಕಾರ್ಡಿನ ಬೆನ್ನ ಮೇಲೇ ಪಿನ್ ನಂಬರು ಬರೆದಿಟ್ಟವರು ಯಾರು? ಬಸ್ಸಿನಲ್ಲಿ ಕೂತು ಫೋನಿನಲ್ಲಿ ಓಟಿಪಿ ಕೂಗಿ ಹೇಳಿದವರು ಯಾರು? ನಗುತ್ತೀರಿ, ನಗಿ. ಅದು ನಿಮ್ಮದೇ ನಷ್ಟ, ನೀವೇ ಅನುಭವಿಸುತ್ತೀರಿ. ನಾನು ಕೇಳುವುದು ಬೇರೆ. ಪಕ್ಕದ ಮನೆಯ ಸೊಸೆ ನಿಮ್ಮನ್ನು ನಂಬಿ ಹೇಳಿಕೊಂಡ ಮಾತು ಈಗ ಎಲ್ಲಿದೆ? ಮನೆಮಂದಿಯೆಲ್ಲ ಎತ್ತಿಕೊಳ್ಳುವ ಫೋನಿನ ಮೆಸೇಜಿನಲ್ಲಿ ಬಿದ್ದಿದೆಯೇ? ನಾನು ಯಾರಿಗೂ ಹೇಳಿಲ್ಲ ಎಂದರೆ ಸಾಲದು. ಯಾರ ಕೈಗಾದರೂ ಸಿಗುವಂತೆ ಇಟ್ಟಿದ್ದರೆ ಹೇಳಿದ ಹಾಗೆಯೇ. ಹೌದೋ ಅಲ್ಲವೋ?

ಆದ್ದರಿಂದ ಇವತ್ತು ಮನೆ ಮುಟ್ಟಿದ ಮೇಲೆ, ಊಟಕ್ಕೆ ಕೂರುವ ಮೊದಲು, ಅಂಥದ್ದನ್ನು ಹುಡುಕಿ ಅಳಿಸಿ. ಬದಲಾಯಿಸಬೇಕಾದ ನಂಬರನ್ನು ಬದಲಾಯಿಸಿ. ಇನ್ನು ಮೇಲೆ ಯಾರ ಗುಟ್ಟನ್ನಾದರೂ ದಾಟಿಸಬೇಕಾಗಿ ಬಂದರೆ, ಬೇಕಾದವರೊಬ್ಬರಿಗೇ ದಾಟಿಸಿ, ಬೇಕಾದಷ್ಟೇ ದಾಟಿಸಿ. ನಾಳೆ ಮಾಡಿದರಾಯಿತು ಎನ್ನಬೇಡಿ. ಆ ಜಾಣೆಗೆ ಹೊಸ ಪಾಸ್‌ವರ್ಡ್ ಇಡಲು ಅರ್ಧ ಗಂಟೆ ಸಾಕಾಯಿತು. ಆ ತಾಯಿ ಮುರಿದ ಕೈ ಹೊತ್ತುಕೊಂಡು, ಮಗಳನ್ನು ಶಾಲೆ ಬಿಡಿಸಿಕೊಂಡು, ಮತ್ತೊಂದು ಊರು ಹುಡುಕಿಕೊಂಡು ಹೋದಳು.