‘ಎ’ಯಿಂದ ‘ಬಿ’ಗೆ

ಮೆಲ್ಬರ್ನ್ ಟ್ರಾಮಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಬಿಸಿನೆಸ್ ಸ್ಕೂಲಿನ ಅಧ್ಯಾಪಕಿಯರಿಬ್ಬರು ಕೂತಿದ್ದರು. ಕಿರಿಯವಳು ಫೋನನ್ನು ಪಕ್ಕದವಳತ್ತ ಚಾಚಿದಳು.

“ಜರ್ನಲ್‌ಗಳ ಹೊಸ ದರ್ಜೆ ಪಟ್ಟಿ ಬಂತು, ಬ್ರಾನ್‌ವಿನ್. ನನ್ನ ಲೇಖನ ಬಂದ ಜರ್ನಲ್ಲನ್ನ ‘ಎ’ಯಿಂದ ‘ಬಿ’ಗೆ ಇಳಿಸಿಬಿಟ್ಟಿದ್ದಾರೆ.”

“ಅಚ್ಚಾದಾಗ ‘ಎ’ ಇತ್ತಲ್ವೇನೇ, ಇಮೋಜೆನ್?”

“ಡೀನ್ ನೋಡೋದು ಇವತ್ತಿನ ಪಟ್ಟೀನೇ. ಶುಕ್ರವಾರ ನನ್ನ ಕೆಲಸ ಖಾಯಂ ಮಾಡೋ ಸಭೆ. ಭಯ ಆಗ್ತಿದೆ.”

“ಲೇಖನ ಓದಿ ನೋಡಿ ಅನ್ನು.”

“ಓದೋಕೆ ಆ ಮಹಾರಾಯನಿಗೆ ಪುರುಸೊತ್ತೆಲ್ಲಿ? ಅಕ್ಷರ ನೋಡ್ತಾನೆ, ಅಷ್ಟೆ. ಇಳಿಸಿದ ಸಮಿತಿಯವರಾದ್ರೂ ಓದಿದ್ರಾ?”

ಹಿರಿಯಾಕೆ ಕಿಟಕಿಯತ್ತ ತಿರುಗಿದಳು.

“ಇಲ್ಲ ಕಣೇ. ಮುನ್ನೂರು ಜರ್ನಲ್, ಎರಡೇ ದಿನ. ಇಳಿಸೋಣ ಅಂದಾಗ ನಾನೂ ಕೈ ಎತ್ತಿದೆ.”

ಮುಂದಿನ ನಿಲ್ದಾಣದಲ್ಲಿ ಇಬ್ಬರೂ ಇಳಿದರು, ಬೇರೆ ಬೇರೆ ಬಾಗಿಲಿಂದ.