ಲಿಫ್ಟು ಕುಸಿದ ಮಾರನೆಯ ದಿನ

...ಬಿಚ್ಚಿ, ಬಿಚ್ಚಿ! ನನ್ನ ಕಣ್ಣೆದುರಿಗೇ ಬಿಚ್ಚಿ, ಅಳಿಯಂದಿರೇ! ಹೋದ ವಾರ ಈ ಟ್ರ್ಯಾಕ್ಟರ್ ರಿಪೇರಿ ಮಾಡಿದ ಮೆಕ್ಯಾನಿಕ್ ಸಾಹೇಬರು ನೀವು. ನಿನ್ನೆ ಇದರ ಹಿಂದಿನ ಭಾರ ಎತ್ತೋ ಲಿಫ್ಟು ಕುಸಿದು ಕಾಲು ಜಜ್ಜಿ ಹೋಗಿದ್ದು ನನ್ನ ಹೆಂಡತೀದು! ನಿಮ್ಮತ್ತೇದು! ಆಸ್ಪತ್ರೆ ಮಂಚದ ಮೇಲೆ ಕಾಲು ಎತ್ತಿ ಕಟ್ಟಿಸಿಕೊಂಡು ಮಲಗಿದಾಳೆ ಪಾಪ. ಅಲ್ಲೇ ಹೇಳಿಬಿಟ್ಟೆ ನಾನು, ಡಾಕ್ಟರ ಮುಂದೆ, ನನ್ನ ಮಗಳ ಮುಂದೆ, "ಅಳಿಯನ ಕೈ ಬಿದ್ದಿದ್ದಕ್ಕೇ ಹೀಗಾಯ್ತು" ಅಂತ. ನಿಮ್ಮತ್ತೆ ಏನಂದಳು ಗೊತ್ತಾ? "ಅವರ ಮುಖ ನನಗೆ ತೋರಿಸಬೇಡಿ" ಅಂದಳು. ನನ್ನ ಮಗಳೂ ನಿಮ್ಮ ಹತ್ರ ಮಾತು ಬಿಟ್ಟಿದಾಳಂತೆ. ಬಿಡಲಿ! ಬಿಡಬೇಕು!

ಏನು ಹಾಗೆ ನೋಡ್ತೀರಿ? ಮೊದಲು ಎಣ್ಣೆ ನೋಡಿ. ನೀರು ಸೇರಿ ಹಾಲು ಹಾಲಾಗಿರುತ್ತೆ. ಎಳೀರಿ ಆ ಅಳತೆ ಕಡ್ಡಿ. ...ಹೂಂ. ತಿಳಿಯಾಗಿದೆ. ಇರಲಿ! ಒಂದೊಂದು ಸಲ ಎಣ್ಣೆ ನೋಡೋಕೆ ಚೆನ್ನಾಗೇ ಇರುತ್ತೆ, ಒಳಗೆ ಕೆಟ್ಟಿರುತ್ತೆ... ಯಾಕೆ ನಗ್ತೀರಿ? ಏನು ನಗು ಅದು, ಮೀಸೆ ಕೆಳಗೆ? ನೀವು ಹುಟ್ಟೋಕೆ ಮುಂಚಿನಿಂದ ಈ ಗಾಡಿ ಓಡಿಸ್ತಿದೀನಿ ಸ್ವಾಮಿ! ಒಂದಕ್ಷರ ಕಲಿಯಲಿಲ್ಲ, ಆದ್ರೆ ಇಂಜಿನ್ ಕೆಮ್ಮಿದ್ರೆ ಸಾಕು, ಯಾವ ಬೋಲ್ಟು ಸಡಿಲ ಅಂತ ನಿದ್ದೇಲಿ ಹೇಳ್ತಿದ್ದೆ. ಒಂದು ಸಲ ನೇಗಿಲು ಎತ್ತಿ ನಿಲ್ಲಿಸಿ ಊಟಕ್ಕೆ ಹೋದೆ. ವಾಪಸ್ ಬರೋ ಹೊತ್ತಿಗೆ ನೇಗಿಲ ಮೇಲೆ ಗುಬ್ಬಚ್ಚಿ ಗೂಡು ಕಟ್ಟಿ ಮೊಟ್ಟೆ ಇಟ್ಟಿತ್ತು! ಕೂದಲೆಳೆಯಷ್ಟೂ ಇಳಿದಿರಲಿಲ್ಲ ಲಿಫ್ಟು! ಅಂಥ ಗಾಡಿ ಇದು. ನೀವು ಮುಟ್ಟಿದಿರಿ, ಕುಸಿದು ಕೂತಿತು.

ಫಿಲ್ಟರ್ ತೆಗೀರಿ. ಜಾಲರಿ ತುಂಬ ಕಸ ಕಟ್ಟಿರುತ್ತೆ, ಪಂಪಿಗೆ ಎಣ್ಣೆ ಹೋಗಿರಲ್ಲ... ತೋರ್ಸಿ ಇಲ್ಲಿ. ಬೆಳಕಿಗೆ ಹಿಡೀರಿ. ...ಕ್ಲೀನಾಗೇ ಇದೆ. ಹೂಂ. ತೊಳೆದಿದೀರಿ, ಅಷ್ಟು ಮಾಡಿದೀರಿ. ಅದಕ್ಕೇನು ಹಾರ ಹಾಕಬೇಕಾ ನಿಮಗೆ?

ಮಾತಾಡಿ! ನಾನೊಬ್ಬನೇ ಗಂಟಲು ಹರ್ಕೋತಾ ಇದೀನಿ!

ಹಾಂ, ಪೈಪು! ಸಿಲಿಂಡರಿಗೆ ಹೋಗೋ ಪೈಪು! ನೋಡಿ, ಉದ್ದಕ್ಕೆ ಸೀಳಿದೆ ನೋಡಿ! ಸಿಕ್ಕಿಬಿದ್ರಿ! ಎಲ್ಲಿಂದ ತಂದ್ರಿ ಈ ಕೊಳೆತ ಪೈಪು, ಗುಜರಿಯಿಂದಾನಾ? ...ಏನು, ಅದರ ಮೈ ಯಾಕೆ ತೋರಿಸ್ತೀರಿ? ಹೊಸದೇ, ಕಾಣ್ತಿದೆ ಬಿಡಿ, ಕಣ್ಣು ಹೋಗಿಲ್ಲ ನಂಗೆ. ಹೊಸ ಪೈಪು ಸುಮ್ಸುಮ್ನೆ ಯಾಕೆ ಸೀಳುತ್ತೆ? ಒಳಗೆ ಒತ್ತಡ ವಿಪರೀತ ಆದ್ರೆ ತಾನೇ...

...ಏನೋ ಅಂದೆ ಬಿಡಿ.

ಅದನ್ನ ಯಾಕೆ ನೋಡ್ತೀರಿ? ಅಂಗಳದಲ್ಲಿ ಬಿದ್ದಿರೋದು ಬಟ್ಟೆ ಒಗೆಯೋ ಕಲ್ಲು. ನಲ್ಲಿ ಹತ್ರ ಹಾಕಿಸಿಕೊಡಿ ಅಂತ ನಿಮ್ಮತ್ತೆ ವರ್ಷದಿಂದ ಪ್ರಾಣ ತಿಂತಿದ್ದಳು, ಚೈನು ಹಾಕಿ ಎತ್ತಿದೆ. ಗೊತ್ತು, ಗೊತ್ತು, "ಈ ಲಿಫ್ಟಿಗೆ ಆ ಕಲ್ಲು ಜಾಸ್ತಿ ಆಯ್ತು ಮಾವ" ಅಂದಿದ್ರಿ. ನೀವು ಅಂದ್ರೆ ಮುಗೀತಾ? ಆ ಪಕ್ಕದ ಮನೆ ಲಾರಿ ಡ್ರೈವರ್, ಬಾಯಿ ಹರುಕ, ಕಾಂಪೌಂಡ್ ಮೇಲೆ ಕಾಲು ಇಳಿಬಿಟ್ಟು ಕೂತು, "ಅಜ್ಜ, ನಿನ್ನ ಗಾಡಿಗೂ ವಯಸ್ಸಾಯ್ತು, ನಿಂಗೂ ವಯಸ್ಸಾಯ್ತು, ಇಬ್ರೂ ನೆರಳಲ್ಲಿ ನಿಂತ್ಕೊಳ್ಳಿ" ಅಂತಾನೆ! ಅವನ ಹೆಂಡ್ತಿ ಕಿಸಕ್ ಅಂತಾಳೆ! ಎತ್ತಿದೆ ನಾನು! ಬಾಗಿಲೆತ್ತರಕ್ಕೆ... ಇಲ್ಲ, ಸೂರಿನೆತ್ತರಕ್ಕೆ ಎತ್ತಿದೆ! ಹಕ್ಕಿಗಳು ದಾರಿ ಬಿಟ್ಟವು! ಚೈನು ತೂಗಾಡ್ತಿತ್ತು, ನಿಮ್ಮತ್ತೆ ಹಿಡಿಯೋಕೆ ಬಂದಳು. ಅಷ್ಟರಲ್ಲಿ...

ಏಯ್, ಎಲ್ಲಿಗೆ ಕೈ ಹಾಕ್ತಿದೀಯ?

ಹೌದು, ಏಕವಚನ ಬಂತು, ಬರುತ್ತೆ! ಆ ವಾಲ್ವು ಬಿಡು. ಅಲ್ಲೇನಿಲ್ಲ. ಭಾರ ಜಾಸ್ತಿ ಆದ್ರೆ ಎಣ್ಣೆನ ವಾಪಸ್ ಬಿಟ್ಟು, ನನ್ ಕೈಲಾಗಲ್ಲಪ್ಪ ಅಂತ ಕೂರೋ ಹೇಡಿ ವಾಲ್ವು ಅದು. ಅದರಿಂದ ಏನಾಗುತ್ತೆ? ಬಿಡು ಅಂದೆ! ...ನೀನು ಹಾಕಿದ ಬಣ್ಣದ ಗುರುತು ಒಡೆದಿದ್ರೆ ಒಡೆದಿದೆ, ಆಮೇಲೆ ಯಾರೋ ಬಿಚ್ಚಿದಾರೆ ಅಂತಲ್ಲ, ಬಿಸಿಲಿಗೆ ಬಿರಿದಿರುತ್ತೆ. ನಟ್ಟಿನ ಮೇಲೆ ಬಣ್ಣ ಬಳಿಯೋ ಚಟ ನಿಂಗೆ, ಸುಣ್ಣ ಬಳಿಯೋನಾಗಬೇಕಿತ್ತು ನೀನು. ಸ್ಪ್ಯಾನರ್ ಇಡು ಕೆಳಗೆ. ಇಡು! ಮಾವ ಅನ್ನೋ ಮರ್ಯಾದೆ ಇದ್ರೆ ಇಡು!

...

ಸ್ಪ್ರಿಂಗು. ಸ್ಪ್ರಿಂಗೇ ಇರುತ್ತೆ ಅದರಲ್ಲಿ, ಇನ್ನೇನು ಚಿನ್ನ ಇರುತ್ತಾ. ಅದರ ಹಿಂದೆ... ಏನೋ ವಾಷರ್. ಕಂಪನಿಯವರೇ ಹಾಕಿರ್ತಾರೆ. ...ಎರಡು ವಾಷರ್. ಒಂದಕ್ಕೆ ಇನ್ನೊಂದು ಜೊತೆ ಅಂತ ಹಾಕಿರ್ತಾರೆ! ಹಾಗೇ ನೋಡಬೇಡ ನನ್ನ. ಅವುಗಳ ಮೇಲೆ ಕಬ್ಬಿಣ ಉಜ್ಜೋ ಫೈಲಿನ ಗೆರೆ ಇದ್ರೆ ನಾನೇನು ಮಾಡ್ಲಿ? ಈ ಊರಲ್ಲಿ ಫೈಲು ನನ್ನೊಬ್ಬನ ಹತ್ರಾನಾ ಇರೋದು? ಸ್ಪ್ರಿಂಗು ಬಿಗಿ ಆದ್ರೆ ವಾಲ್ವು ತೆರೆಯಲ್ಲ, ಎಣ್ಣೆ ವಾಪಸ್ ಹೋಗಲ್ಲ, ಪೈಪಿಗೆ ಬೀಳುತ್ತೆ ಒತ್ತಡ... ಗೊತ್ತಯ್ಯ! ನಂಗೇ ಪಾಠ ಹೇಳ್ತೀಯ?

ನೀನು ಹೇಳಲಿಲ್ಲ. ಹೂಂ. ನಾನೇ ಹೇಳಿದೆ.

ಬೈ ನನ್ನ. ಬೈಯಪ್ಪ, ಆ ವಾಷರ್ ಕೈಯಲ್ಲಿ ಹಿಡ್ಕೊಂಡು ನಿಂತ್ಕೋಬೇಡ. ಮೊದಲ ಸಲ ಕಲ್ಲು ಮೇಲೇಳದೆ ಇದ್ದಾಗ ಆ ಡ್ರೈವರನ ಹೆಂಡ್ತಿ ನಗ್ತಿದ್ದಳು ಕಣಯ್ಯ. ಎಲ್ರೂ ನಗ್ತಿದ್ರು...

ಇರು, ಫೋನು. ಆಸ್ಪತ್ರೆಯಿಂದ. ನೀನೇ ಎತ್ತು... ಎಣ್ಣೆ ಕೈ ಆದ್ರೆ ಒರೆಸ್ಕೊಂಡು ಎತ್ತು. ...ಆಯ್ತು, ಕೊಡು.

ಹಲೋ. ಹೂಂ ಕಣೆ, ನಾನೇ. ನೋವು ಹೇಗಿದೆ? ...ಬಂದಿದಾರೆ, ಇಲ್ಲೇ ಇದಾರೆ. ...ಬಿಚ್ಚಿದ್ರು. ಎಲ್ಲಾ ಬಿಚ್ಚಿದ್ರು. ...ಏನು ಸಿಕ್ತು ಅಂತಾನಾ?

ಏನು ಸಿಕ್ತು ಅಂತ ಕೇಳ್ತಿದಾಳೆ. ಹೇಳಿ ಅಳಿಯಂದಿರೇ. ಪೈಪು ಅನ್ನಿ. ಪೈಪೇ ಅಲ್ವಾ ಸೀಳಿದ್ದು? ...ತಲೆನಾದ್ರೂ ಆಡಿಸಿ.

ಇಲ್ಲ ಕಣೆ, ಅವರು ಮಾತಾಡ್ತಿಲ್ಲ. ...ವಾಷರ್. ವಾಷರ್ ಸಿಕ್ತು. ...ಚಿಕ್ಕದು, ವಾಲ್ವಿನೊಳಗೆ ಇತ್ತು.

...ಯಾರು ಹಾಕಿದ್ದು ಅಂತ ಕೇಳ್ತಿದಾಳೆ, ಅಳಿಯಂದಿರೇ.