ಆಲದ ಮರಕ್ಕೆ ಕಟ್ಟಿದ ಹಳಿ ತುಂಡು

ಹೋದ ಬೇಸಿಗೆ, ರಾತ್ರಿ ಹೊತ್ತು ಮಾತ್ರ ಕರೆಂಟು ಕೊಡುತ್ತಿದ್ದರು. ನನ್ನ ಚಿಕ್ಕಪ್ಪನ ಮಗ ರಾಮಾಂಜನೇಯ ಹೊಲದ ಮೋಟರು ಬಂದ್ ಮಾಡಿ ಒಬ್ಬನೇ ಬರುತ್ತಿದ್ದ. ಬಾವಿ ದಾಟಿದ. ಶಾಲೆಯ ಮುಂದಿನ ಆಲದ ಮರ ದಾಟಿದ. ಮರಕ್ಕೆ ತೂಗುಹಾಕಿದ ಹಳಿ ತುಂಡು ಅಲ್ಲಾಡದೆ ನಿಂತಿತ್ತು, ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ ಅನ್ನುತ್ತಾನೆ.

ಆ ಹಳಿ ತುಂಡು ನಮ್ಮೂರ ಸ್ಟೇಷನ್ನಿನ ಗಂಟೆ. ಕೊಟ್ಟೂರಿಗೆ ಸಣ್ಣ ಗೇಜಿನ ಗಾಡಿ ಓಡುತ್ತಿದ್ದಾಗ ಪೋರ್ಟರ್ ಹುಲುಗಣ್ಣ ಅದನ್ನು ಬಾರಿಸುತ್ತಿದ್ದ. ಗಾಡಿ ಹಿಂದಿನ ಸ್ಟೇಷನ್ ಬಿಟ್ಟಿತು ಅಂದರೆ ಎರಡು ಏಟು ನಿಧಾನ, ಆಮೇಲೆ ಒಂದು ಜೋಡಿ. ಠಣ್... ಠಣ್... ಠಣ್‌ಠಣ್. ಗಾಡಿ ನಿಂತುಹೋಯಿತು. ಹುಲುಗಣ್ಣ ತೀರಿಕೊಂಡ. ಹಳಿ ತುಂಡು ಶಾಲೆಯ ಗಂಟೆಯಾಯಿತು. ಶಾಲೆಯ ಹೆಡ್‌ಮಾಸ್ತರು ನಾನೇ. ಪೋಲಿ ಹುಡುಗರು ಹೊತ್ತಲ್ಲದ ಹೊತ್ತಿನಲ್ಲಿ ಬಾರಿಸಬಾರದೆಂದು ಸುತ್ತಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಕೀಲಿ ನನ್ನ ಹತ್ತಿರ.

ಮುಂದೆ ಅಗಲ ಹಳಿ ಬಂತು. ಗಾಡಿ ಮಾತ್ರ ಇನ್ನೂ ಬಿಟ್ಟಿರಲಿಲ್ಲ. ಆ ಬೇಸಿಗೆ ಪ್ಲಾಟ್‌ಫಾರಂ ತುಂಬ ಜನ ಶೇಂಗಾ ಒಣಹಾಕಿದ್ದರು. ರಾತ್ರಿ ರಾಶಿ ಕಾಯುವವರಿಗೆ ಮಲಗಲು ಜಾಗವಿಲ್ಲ. ಹಳಿಗಳ ನಡುವೆ ಕೌದಿ ಹಾಸಿ, ತಣ್ಣನೆಯ ಹಳಿಯನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದರು. ನಾನು ಬೈದಿದ್ದೆ. ಯಾರು ಕೇಳುತ್ತಾರೆ?

ಆ ರಾತ್ರಿ ರಾಮಾಂಜನೇಯ ಸ್ಟೇಷನ್ನಿಗೆ ಹೋದಾಗ ನಾಲ್ಕು ವರ್ಷದ ಮಗಳು ಯಶೋಧಾ ಹಳಿಗೆ ತಲೆಕೊಟ್ಟು ಮಲಗಿದ್ದಳು. ಪಕ್ಕದಲ್ಲಿ ಹೆಂಡತಿ ಶಿವಗಂಗಾ. ಆಚೆ ಹುಲುಗಣ್ಣನ ಹೆಂಡತಿ, ಮುದುಕಿ ಸುಂಕಮ್ಮ.

"ಇಷ್ಟೊತ್ತು ಎಲ್ಲಿದ್ರಿ? ಬಾವ್ಯಾಗ ಬಿದ್ರೇನೋ ಅಂದ್ಕೊಂಡೆ," ಶಿವಗಂಗಾ ಪಿಸುಗುಟ್ಟಿದಳು.

"ಬಿದ್ದಿದ್ರ ನಿನಗ ಕೌದಿ ಪೂರಾ ಸಿಗ್ತಿತ್ತು. ಸರಿ ಅತ್ತಾಗ."

ಅವನು ತಲೆ ಊರಿದ. ಆಗ...

ಠಣ್.

ಶಾಲೆ ಕಡೆಯಿಂದ.

ಠಣ್...

"ಯಾವನಲೇ ಅವ, ಇಷ್ಟೊತ್ನ್ಯಾಗ?"

ಠಣ್‌ಠಣ್.

ಸುಂಕಮ್ಮ ಎದ್ದು ಕೂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಹುಡುಗ್ರು ಅಲ್ಲಪ್ಪ... ನಮ್ಮ ಮನಿಯವ್ರ ಕೈ ಅದು."

"ಸುಮ್ನಿರಬೇ ಯವ್ವಾ, ಹೆದರಿಸಬ್ಯಾಡ."

"ಗಾಡಿ ಬಿಟ್ಟೈತೋ! ಏಳ್ರಿ... ಕೂಸನ್ನ ಎತ್ಗ ಮೊದ್ಲು!"

ರಾಮಾಂಜನೇಯ ಹಳಿಗೆ ಕಿವಿಯಿಟ್ಟ. ಒಳಗೆ ಸಣ್ಣಗೆ... ಝುಂಯ್... ಜೇನುಗೂಡಿನ ಹಾಗೆ. ಮಗಳನ್ನು ಬಾಚಿಕೊಂಡು ಶೇಂಗಾ ರಾಶಿಯ ಮೇಲೆ ಹಾರಿದ. ಕಾಯಿ ಕಾಲಡಿ ಪಟಪಟನೆ ಒಡೆದವು. ಎಲ್ಲರೂ ಹತ್ತಿದರು. ಅಷ್ಟರಲ್ಲೇ ಬಂತು... ಹೊಸ ದಾರಿಗೆ ಜಲ್ಲಿ ಹೊತ್ತ ಗಾಡಿ. ಇಂಜಿನ್ ಹಿಂದೆ, ಡಬ್ಬಿಗಳು ಮುಂದೆ. ಮುಂದೆ ದೀಪವಿಲ್ಲ, ಸೀಟಿಯಿಲ್ಲ. ಗಡಕ್... ಗಡಕ್... ಗಡಕ್. ಹೋದಮೇಲೆ ನೋಡಿದರೆ ಮಗಳ ಕೌದಿ ಎರಡು ತುಂಡು.

ಬೆಳಿಗ್ಗೆ ನಾನೇ ಬೀರು ತೆರೆದೆ. ಬೀಗ ಹಾಕಿದ ಹಾಗೇ ಇತ್ತು. ಸುತ್ತಿಗೆಯೂ ಇಟ್ಟಲ್ಲೇ ಇತ್ತು.

ಮಕ್ಕಳು ಆಲದ ಹತ್ತಿರ ಸುಳಿಯಲು ಒಲ್ಲೆವೆಂದರು. ಹಳಿ ಇಳಿಸಲು ಹೇಳಿದೆ. ಸುಂಕಮ್ಮ ಓಡಿಬಂದಳು.

"ಇಳಿಸಬ್ಯಾಡ್ರಿ ಸಾರ್. ಇನ್ನೊಮ್ಮಿ ಎಬ್ಬಿಸಬೇಕಂದ್ರ ಅವ್ರು ಯಾತರಿಂದ ಎಬ್ಬಿಸಬೇಕ್ರಿ?"

"ಇದು ಶಾಲೆ ಕಣಮ್ಮ," ಅಂದೆ. ಹಳಿಯನ್ನು ಸಾಮಾನು ಕೋಣೆಯ ನೆಲದ ಮೇಲೆ ಮಲಗಿಸಿ ಬೀಗ ಹಾಕಿದೆ. ನೆಲಕ್ಕೆ ಮಲಗಿಸಿದ ಹಳಿಗೆ ನಾದವಿಲ್ಲ. ಎಷ್ಟು ಹೊಡೆದರೂ ದಬ್ ಅನ್ನುತ್ತದೆ, ಅಷ್ಟೆ.

ಮೊನ್ನೆ ರಾತ್ರಿ ಮತ್ತೆ ಕೇಳಿಸಿತು. ಆಲದ ಮರದ ಕಡೆಯಿಂದ. ಠಣ್... ಠಣ್... ಠಣ್‌ಠಣ್. ಊರಿಗೆ ಊರೇ ಎದ್ದು ತಂತಮ್ಮ ಮಕ್ಕಳನ್ನು ಎತ್ತಿಕೊಂಡು ನಿಂತಿತು. ಹಳಿಯ ಮೇಲೆ ಯಾರೂ ಇರಲಿಲ್ಲ. ಗಾಡಿಯೂ ಬರಲಿಲ್ಲ. ಯಾರನ್ನು, ಎಲ್ಲಿಂದ ಎಬ್ಬಿಸಬೇಕಿತ್ತೋ... ಒಬ್ಬರಿಗೂ ತಿಳಿಯಲಿಲ್ಲ. ರಾಮಾಂಜನೇಯ ಬೆಳಗಾಗುವವರೆಗೆ ಮಗಳನ್ನು ಹೆಗಲಿನಿಂದ ಇಳಿಸಲಿಲ್ಲ.

ನಾನೂ ಕೇಳಿದ್ದೇನೆ. ಸುಳ್ಳು ಹೇಳಿ ನನಗೆ ಆಗಬೇಕಾದ್ದೇನೂ ಇಲ್ಲ. ಕೋಣೆಯ ಕೀಲಿ ಇಗೋ, ಕಿಸೆಯಲ್ಲೇ ಇದೆ. ಬನ್ನಿ, ನೀವೇ ಹೊಡೆದು ನೋಡಿ.

ದಬ್ ಅನ್ನುತ್ತದೆ.